ನಾಲೆಯಲ್ಲಿ ಅಲೆ ಏಳದ ಹಾಗೆ ದೋಣಿಯ ತಳ ಹೇಗಿರಬೇಕು?

ಮೂತಿ ಚೂಪಾಗಿರಬೇಕಾ, ತಳ ಚಪ್ಪಟೆಯಾಗಿರಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಇಂಜಿನಿಯರಿಂಗ್ ಕೊನೇ ವರ್ಷ ಮಂಡ್ಯದಲ್ಲಿ ನಾನೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದೆ. ದಿನಾ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ದಾಟಿ ಕಾಲೇಜಿಗೆ ಹೋಗುವವನಿಗೆ ಬೇರೆ ಪ್ರಾಜೆಕ್ಟ್ ಹೊಳೆಯಲಿಲ್ಲ.

120 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಮಾದರಿ ದೋಣಿ ಮಾಡಿದೆ. ಮರಳು ತುಂಬಿದರೆ 8 ಸೆಂ.ಮೀ. ಮುಳುಗುತ್ತಿತ್ತು. ಊರ ಕೆರೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡಿಸಿದೆ, ಅಲೆಯೇ ಇಲ್ಲ ಅನ್ನಬೇಕು! ಖುಷಿಯಲ್ಲಿ ವರದಿ ಬರೆದು ಬೈಂಡ್ ಕೂಡ ಮಾಡಿಸಿಬಿಟ್ಟೆ.

ಕೆರೆಯಲ್ಲಿ ನೋಡಿದ್ದೇ ತಪ್ಪು. ಮೇಷ್ಟ್ರು "ಕಾಲುವೆಯಲ್ಲಿ ಬಿಟ್ಟು ತೋರಿಸಪ್ಪ" ಅಂದರು. ಗೆಳೆಯನ ಗದ್ದೆ ಪಕ್ಕದ ಮಣ್ಣಿನ ಕಾಲುವೆಗೆ ಹೋದೆವು, 60 ಸೆಂ.ಮೀ. ಅಗಲ, 30 ಸೆಂ.ಮೀ. ಆಳ, ತೂಬು ಮುಚ್ಚಿ ನೀರು ನಿಲ್ಲಿಸಿದ್ದರು. ಅದೇ ದೋಣಿ, ಅದೇ ವೇಗ. ಮುಂದೆ ನೀರು ಗುಡ್ಡೆಯಾಯಿತು, ಪಕ್ಕದಲ್ಲಿ ಸರ್ರನೆ ಇಳಿಯಿತು, ದಡದ ಮಣ್ಣು ಜಾರಿತು. ಗೆಳೆಯನ ಅಪ್ಪ ಬೈದಿದ್ದನ್ನು ಇಲ್ಲಿ ಬರೆಯೋದು ಬೇಡ.

ಆಗಿದ್ದಿಷ್ಟು. ಕೆರೆಯಲ್ಲಿ ದೋಣಿ ತಳ್ಳಿದ ನೀರಿಗೆ ಹೋಗಲು ಬೇಕಾದಷ್ಟು ಜಾಗ. ಕಾಲುವೆಯಲ್ಲಿ ಅದು ದೋಣಿಗೂ ಕಾಲುವೆಯ ದಡ-ತಳಕ್ಕೂ ನಡುವಿನ ಸಂದಿಯಲ್ಲೇ ಹಿಂದಕ್ಕೆ ನುಗ್ಗಬೇಕು, ನುಗ್ಗಿದಾಗ ಅಲ್ಲಿ ಮಟ್ಟ ಇಳಿಯುತ್ತದೆ, ದೋಣಿಯೂ ಕುಸಿಯುತ್ತದೆ, ಸಂದಿ ಇನ್ನೂ ಕಿರಿದಾಗುತ್ತದೆ. ನನ್ನ ದೋಣಿ ಕಾಲುವೆಯ ಅಡ್ಡಕೊಯ್ತದ (ಅಗಲ × ಆಳ) ಒಂಬತ್ತನೇ ಒಂದು ಪಾಲನ್ನು ಅಡ್ಡಗಟ್ಟಿತ್ತು. ಜೊತೆಗೆ ಆಳದ ಕಾಟ. 30 ಸೆಂ.ಮೀ. ನೀರಲ್ಲಿ ಸಾಮಾನ್ಯ ಅಲೆ ಸೆಕೆಂಡಿಗೆ 1.7 ಮೀಟರ್‌ಗಿಂತ ಜಾಸ್ತಿ ಓಡಲಾರದು (ಮೀಟರ್ ಲೆಕ್ಕದ ಆಳವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ). ಅಷ್ಟು ಇಕ್ಕಟ್ಟಿದ್ದರೆ ದೋಣಿಯ ವೇಗ ಅದರ ಅರ್ಧ ದಾಟುತ್ತಿದ್ದ ಹಾಗೆ ನೀರು ಕೆರಳುತ್ತದೆ. 1834ರಲ್ಲಿ ಸ್ಕಾಟ್ಲೆಂಡಿನ ಯೂನಿಯನ್ ಕಾಲುವೆಯಲ್ಲಿ ಕುದುರೆ ಎಳೆಯುತ್ತಿದ್ದ ದೋಣಿ ಫಕ್ಕನೆ ನಿಂತಾಗ, ಮುಂದಿದ್ದ ನೀರಿನ ಗುಡ್ಡೆ ಮಾತ್ರ ಓಡುತ್ತಲೇ ಹೋಯಿತಂತೆ. ಅದನ್ನು ನೋಡುತ್ತಿದ್ದ ಇಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆ ಹತ್ತಿ ಅದರ ಬೆನ್ನು ಬಿದ್ದರು. ಅದನ್ನು ಆಮೇಲೆ ಓದಿದೆ, ಬೈಂಡಿಂಗ್ ದುಡ್ಡು ಹೋದ ಮೇಲೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗು ಅನ್ನುತ್ತೇನೆ. ಮೂತಿಯ ಮಾತು ಆಮೇಲೆ. ತೂಕ ಇಳಿಸಿ, ಸಪೂರ ಮಾಡಿ, ಉದ್ದ ಮಾಡಿ, ನಿಧಾನ ಓಡಿಸಿ. ಇಂಗ್ಲೆಂಡಿನ ಕಿರುಗಾಲುವೆಗಳಲ್ಲಿ ಈಗಲೂ ಗಂಟೆಗೆ 4 ಮೈಲಿಯೇ ಮಿತಿ, ಅವರಿಗೇನು ದೋಣಿ ಮಾಡಲು ಬರಲ್ವಾ?

ಅಂದ ಹಾಗೆ, ನಿಮ್ಮ ನಾಲೆ ಎಷ್ಟು ಅಗಲ, ಎಷ್ಟು ಆಳ? ಅದನ್ನೇ ಬರೆದಿಲ್ಲವಲ್ಲ.