ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ ಶೋಗ್ರೆನ್ಸ್ ಕಾಯಿಲೆ ಇದೆ. ಬಾಯಿ ಒಣಗಿ ರಾತ್ರಿಯೆಲ್ಲ ಎಚ್ಚರ. ನೀರು ಕುಡಿದರೂ ಅಷ್ಟೇ. ಅಲರ್ಜಿಗೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ.

ಉತ್ತರ: ಮೊದಲು ಆ ಅಲರ್ಜಿ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿಮ್ಮಾ. ಅಂಥ ಕೆಲವು ಮಾತ್ರೆಗಳು ಬಾಯಿಯನ್ನು ಇನ್ನೂ ಒಣಗಿಸುತ್ತವೆ. ನಿಮ್ಮ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲಿನ ಗ್ರಂಥಿಗಳಿಗೆ ಹಾನಿ ಮಾಡುತ್ತದೆ. ಗ್ರಂಥಿಗಳಲ್ಲಿ ಸ್ವಲ್ಪ ಶಕ್ತಿ ಉಳಿದಿದ್ದರೆ ಪೈಲೋಕಾರ್ಪಿನ್ ಮಾತ್ರೆ ಜೊಲ್ಲು ಹೆಚ್ಚಿಸುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ 4 ಸಲ. ಬೆವರು ಜಾಸ್ತಿಯಾಗಬಹುದು. ಆಸ್ತಮಾ ಅಥವಾ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಹಗಲು ಸಕ್ಕರೆ ಇಲ್ಲದ ಚೂಯಿಂಗ್ ಗಮ್, ರಾತ್ರಿ ಬಾಯಿ ಒದ್ದೆಯಾಗಿಡುವ ಜೆಲ್. ನನ್ನ ದೊಡ್ಡ ಚಿಂತೆ ನಿಮ್ಮ ಹಲ್ಲುಗಳದ್ದು. ಜೊಲ್ಲು ಕಡಿಮೆಯಾದರೆ ಅವು ಬೇಗ ಹುಳುಕಾಗುತ್ತವೆ, ಅಲ್ವಾ? ದಂತವೈದ್ಯರಲ್ಲಿ ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಬರೆಸಿಕೊಳ್ಳಿ. ನಾಲಿಗೆ ಕೆಂಪಾಗಿ ಉರಿದರೆ ಫಂಗಸ್ ಇರಬಹುದು. ಸುಮ್ನೆ ಸಹಿಸಿಕೊಳ್ಳದೆ ತೋರಿಸಿ.