ಚಕ್ರ ಜಾರಿದಾಗ: ಕಾರಿನ ಹಿಡಿತದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸುತ್ತ ತಿರುವು ದಾಟುವ ಡ್ರಿಫ್ಟಿಂಗ್ ಕಲಿಯಬೇಕೆಂಬ ಆಸೆಯಿದೆ. ಊರ ಹೊರಗೆ ಇನ್ನೂ ಮನೆಗಳೇಳದ ಒಂದು ಲೇಔಟ್ ಇದೆ. ಅಲ್ಲಿನ ಕಾಂಕ್ರೀಟ್ ರಸ್ತೆಗೆ ಟ್ಯಾಂಕರಿನಿಂದ ನೀರು ಬಿಟ್ಟರೆ ಅದೇ ಸ್ಕಿಡ್ ಪ್ಯಾನ್ ಆಗುತ್ತದೆಂದು ಗೆಳೆಯರು ಹೇಳುತ್ತಾರೆ. ಅಪ್ಪನ ಸ್ವಿಫ್ಟ್ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಅಭ್ಯಾಸ ಮಾಡಬಹುದೇ?
– ವಿದ್ಯಾರ್ಥಿ, ವಿಜಯಪುರ

ಉತ್ತರ: ಮಾಡಬಾರದು. ಬೇಸಿಗೆಯಲ್ಲಿ ಕುಡಿಯುವ ನೀರಿನ ಟ್ಯಾಂಕರಿಗೆ ಕೊಡ ಹಿಡಿದು ಕಾಯುವ ಊರುಗಳಿರುವ ಜಿಲ್ಲೆಯಲ್ಲಿ ರಸ್ತೆಗೆ ಟ್ಯಾಂಕರ್ ನೀರು ಬಿಡುವ ಯೋಚನೆಯೇ ನನಗೆ ಹಿಡಿಸಲಿಲ್ಲ. ಅದನ್ನು ಬದಿಗಿಟ್ಟು ವಿಷಯಕ್ಕೆ ಬರುತ್ತೇನೆ.

ಸ್ಕಿಡ್ ಪ್ಯಾನ್ ಎಂದರೆ ಬರೀ ಒದ್ದೆಯಾದ ರಸ್ತೆಯಲ್ಲ. ಅದು ಕಂಬ, ಚರಂಡಿ, ಕಟ್ಟೆ ಯಾವುದೂ ಇಲ್ಲದ ವಿಶಾಲವಾದ ಸಮತಟ್ಟು ಜಾಗ. ಕಾರು ಯಾವ ದಿಕ್ಕಿಗೆ ಜಾರಿದರೂ ಡಿಕ್ಕಿ ಹೊಡೆಯಲು ಏನೂ ಇರದಂತೆ ಸುತ್ತಲೂ ಬಯಲು ಬಿಟ್ಟಿರುತ್ತಾರೆ. ನೆಲದ ಮೇಲ್ಮೈಯನ್ನು ಉದ್ದೇಶಪೂರ್ವಕವಾಗಿ ನುಣುಪಾಗಿಸಿ ನೀರು ಹರಿಸುತ್ತಾರೆ. ಕೆಲವೆಡೆ ಹಿಂದಿನ ಟೈರುಗಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಳೆ ತೊಡಿಸುವುದೂ ಉಂಟು. ಇದೆಲ್ಲ ಮಾಡುವುದು ಒಂದೇ ಕಾರಣಕ್ಕೆ: ರಸ್ತೆಯ ಮೇಲೆ ಹೆಚ್ಚಿನ ವೇಗದಲ್ಲಿ ಆಗುವ ಜಾರಾಟವನ್ನು ಇಲ್ಲಿ ಸೈಕಲ್ಲಿನ ವೇಗಕ್ಕೆ ಇಳಿಸಿ, ಅದರ ಒಂದೊಂದು ಹಂತವನ್ನೂ ಕಣ್ಣಿಗೆ ಮತ್ತು ಕೈಗೆ ತಿಳಿಯುವಂತೆ ಮಾಡುವುದು.

ನೀವು ಎಂಜಿನಿಯರಿಂಗ್ ಓದುವವರಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. 15 ಮೀಟರ್ ತ್ರಿಜ್ಯದ ವೃತ್ತದಲ್ಲಿ ಕಾರು ಸುತ್ತುತ್ತಿದೆಯೆನ್ನಿ. ಒಣ ಡಾಂಬರಿನ ಘರ್ಷಣಾಂಕವನ್ನು, ಅಂದರೆ ಟೈರಿಗೂ ನೆಲಕ್ಕೂ ಇರುವ ಹಿಡಿತದ ಅಳತೆಯನ್ನು, 0.8 ಎಂದು ಹಿಡಿದರೆ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದವರೆಗೆ ಟೈರು ನೆಲವನ್ನು ಬಿಡುವುದಿಲ್ಲ. ಅದೇ ವೃತ್ತದಲ್ಲಿ ಘರ್ಷಣಾಂಕ 0.3ಕ್ಕೆ ಇಳಿದರೆ 24 ಕಿಲೋಮೀಟರಿಗೇ ಕಾರು ಹೊರಕ್ಕೆ ಸರಿಯುತ್ತದೆ. ಗಮನಿಸಿ, ಈ ಲೆಕ್ಕದಲ್ಲಿ ಕಾರಿನ ತೂಕ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ‘ನಮ್ಮ ಗಾಡಿ ಭಾರ ಇದೆ, ಜಾರುವುದಿಲ್ಲ’ ಎಂಬ ಮಾತಿಗೆ ಆಧಾರವಿಲ್ಲ.

ಆ ಗಡಿಯಲ್ಲಿ ಕಾರು ಎರಡು ರೀತಿಯಲ್ಲಿ ಜಾರುತ್ತದೆ. ಮೊದಲನೆಯದು ಮುಂದಿನ ಚಕ್ರಗಳ ಜಾರಾಟ, ಅಂದರೆ ಅಂಡರ್‌ಸ್ಟಿಯರ್. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ತಿರುಗದೆ ನೇರವಾಗಿ ಹೊರಟುಬಿಡುತ್ತದೆ, ಕೈಯಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಆಗ ಎಲ್ಲರೂ ಇನ್ನಷ್ಟು ತಿರುಗಿಸುತ್ತಾರೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಆಕ್ಸಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ಕೊಂಚ ಹಿಂದಕ್ಕೆ ಬಿಟ್ಟುಕೊಟ್ಟು, ಟೈರು ಮತ್ತೆ ನೆಲ ಹಿಡಿಯುವವರೆಗೆ ಕಾಯಬೇಕು. ಎರಡನೆಯದು ಹಿಂಭಾಗ ಬೀಸುವುದು, ಓವರ್‌ಸ್ಟಿಯರ್. ಹಿಂಭಾಗ ಬಲಕ್ಕೆ ಜಾರಿದರೆ ಸ್ಟೀರಿಂಗೂ ಬಲಕ್ಕೇ ತಿರುಗಬೇಕು, ಕಣ್ಣು ಮಾತ್ರ ನಾವು ಹೋಗಬೇಕಾದ ಕಡೆಯೇ ನೆಟ್ಟಿರಬೇಕು. ಕಲಿಯುವವರು ಸೋಲುವುದು ಈ ಮೊದಲ ತಿರುವಿನಲ್ಲಿ ಅಲ್ಲ. ಕಾರು ಸರಿದಾರಿಗೆ ಬಂದ ಕ್ಷಣವೇ ಸ್ಟೀರಿಂಗನ್ನು ನೇರ ಮಾಡದಿದ್ದರೆ ಅದು ಎಡಕ್ಕೆ ಇನ್ನೂ ಜೋರಾಗಿ ಬೀಸುತ್ತದೆ, ಮತ್ತು ಕಾರನ್ನು ಹೊಲಕ್ಕೆ ಇಳಿಸುವುದು ಸಾಮಾನ್ಯವಾಗಿ ಈ ಎರಡನೇ ಬೀಸು.

ಇನ್ನು ಡ್ರಿಫ್ಟಿಂಗ್. ಜಪಾನಿನಲ್ಲಿ ಬೆಳೆದು ಸ್ಪರ್ಧೆಯ ರೂಪ ಪಡೆದ ಈ ಕ್ರೀಡೆಯಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗಬೇಕು. ಆ ಬಲದಿಂದಲೇ ಚಾಲಕ ಹಿಂಭಾಗವನ್ನು ಜಾರುವ ಸ್ಥಿತಿಯಲ್ಲಿ ಉಳಿಸಿಕೊಳ್ಳುತ್ತಾನೆ. ಸ್ವಿಫ್ಟ್ ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ಕಾರು. ಅದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಚಕ್ರಗಳು ಸ್ತಬ್ಧವಾಗಿ ಕಾರು ಒಮ್ಮೆ ಬೀಸುತ್ತದೆ, ಅಷ್ಟೇ. ನಡುವೆ ನಿಯಂತ್ರಿಸಲು ಚಾಲಕನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ‘ಹಾಗಾದರೆ ಬೊಲೆರೊ ತರುತ್ತೇವೆ’ ಎಂದು ನಿಮ್ಮ ಗೆಳೆಯರು ಹೇಳಬಹುದು. ಅದು ಹಿಂದಿನ ಚಕ್ರಗಳ ಗಾಡಿ ಹೌದು, ಆದರೆ ಎತ್ತರದ್ದು. ಅಡ್ಡವಾಗಿ ಜಾರುತ್ತಿರುವಾಗ ಚಕ್ರ ಕಾಂಕ್ರೀಟಿನ ಅಂಚಿಗೆ ತಾಗಿದರೆ ಮಗುಚಿಕೊಳ್ಳುತ್ತದೆ. ಲೇಔಟಿನ ರಸ್ತೆಗೆ ಎರಡೂ ಕಡೆ ಅಂಚು ಇದ್ದೇ ಇರುತ್ತದೆ.

ಕಾನೂನನ್ನೂ ತಿಳಿದಿರಿ. ಜನರಿಗೆ ಪ್ರವೇಶದ ಹಕ್ಕಿರುವ ಯಾವುದೇ ಜಾಗ, ಅದು ಖಾಲಿ ಲೇಔಟಿನ ರಸ್ತೆಯಾದರೂ, ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳ. ಅಪಾಯಕಾರಿ ಚಾಲನೆಗೆ ಅದರ 184ನೇ ಕಲಮು, ರೇಸಿಗೆ 189ನೇ ಕಲಮು ಅನ್ವಯವಾಗುತ್ತದೆ. ವೇಗಪರೀಕ್ಷೆ, ರೇಸು ಇವು ಸಾಮಾನ್ಯ ವಿಮಾ ಪಾಲಿಸಿಯ ವ್ಯಾಪ್ತಿಯ ಹೊರಗಿನವು. ನಷ್ಟವೆಲ್ಲ ನಿಮ್ಮ ತಂದೆಯವರ ತಲೆಗೇ ಬರುತ್ತದೆ. ಆಸೆ ನಿಜವಾಗಿಯೂ ಇದ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೆ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಮುಚ್ಚಿದ ಟ್ರ್ಯಾಕಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಪಕ್ಕದಲ್ಲಿ ತರಬೇತುದಾರರನ್ನು ಕೂರಿಸಿಕೊಂಡು ಕಲಿಯಿರಿ.

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಶಾಲೆಯೊಂದರ ಶಿಕ್ಷಕಿ. ಹಿಂಗಾರು ಮಳೆಯ ಮರುದಿನ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಹತ್ತುವ ಜಾಗದಲ್ಲಿ ಕಾರು ಜಾರಿತು. ಬ್ರೇಕ್ ಗಟ್ಟಿಯಾಗಿ ಒತ್ತಿ ಸ್ಟೀರಿಂಗ್ ತಿರುಗಿಸಿದೆ. ಆದರೂ ಕಾರು ನೇರವಾಗಿ ಹೋಗಿ ರಸ್ತೆಬದಿಯ ತಗ್ಗಿಗೆ ಇಳಿಯಿತು. ನನ್ನದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸ್ತಬ್ಧವಾಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಕಾರು. ನನ್ನ ತಪ್ಪೇನು?
– ಓದುಗರು, ಮುಧೋಳ

ಉತ್ತರ: ತಾಯಿ, ನಿಮಗೆ ಪೆಟ್ಟಾಗಲಿಲ್ಲವೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಸಮಾಧಾನವಾಯಿತು. ನೀವು ಹೇಳುವ ಆ ಮಣ್ಣನ್ನು ನಾನು ಲೋಕಾಪುರದ ಕಡೆ ಒಮ್ಮೆ ಕಾರು ನಿಲ್ಲಿಸಿ, ಕೆಳಗಿಳಿದು ನೋಡಿದ್ದೇನೆ. ಟ್ರ್ಯಾಕ್ಟರಿನ ಗಾಲಿಗಳು ಎರೆಹೊಲದಿಂದ ಹೊತ್ತು ತಂದು ಡಾಂಬರಿನ ಮೇಲೆ ಕೆಡವಿದ ಹೆಂಟೆಗಳನ್ನು ಬೇರೆ ಗಾಡಿಗಳು ತುಳಿದು ಮೂವತ್ತು ಹೆಜ್ಜೆಯಷ್ಟು ಉದ್ದಕ್ಕೆ ಹಾಸಿದ್ದವು. ಮೇಲೆ ಬೂದುಬಣ್ಣದ ಒಣ ಪದರ. ಚಪ್ಪಲಿಯ ತುದಿಯಿಂದ ಒತ್ತಿದರೆ ಅದರಡಿಯಲ್ಲಿ ಬೆಣ್ಣೆಯಂಥ ಎರೆ. ಒಣಗಿದೆಯೆಂದು ನಂಬಿಸಿ ಮೋಸ ಮಾಡುವ ನೆಲವದು.

ಬ್ರೇಕನ್ನು ಪೂರ್ತಿ ಒತ್ತಿ ಹಿಡಿದಾಗ ನಿಮ್ಮ ಮುಂದಿನ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿದವು. ಉರುಳದ ಚಕ್ರಕ್ಕೆ ದಿಕ್ಕು ಕೊಡುವ ಶಕ್ತಿಯಿಲ್ಲ. ಅದನ್ನು ಯಾವ ಕಡೆ ಹೊರಳಿಸಿದರೂ ಅದು ಹೊರಟ ಕಡೆಗೇ ಜಾರುತ್ತದೆ. ಎಬಿಎಸ್ ಇಲ್ಲದ ಕಾರಿನಲ್ಲಿ ಆ ಗಳಿಗೆಗೆ ಬ್ರೇಕ್ ಬಿಟ್ಟು, ಚಕ್ರ ಉರುಳಲು ಬಿಟ್ಟು, ಸ್ಟೀರಿಂಗ್ ತುಸುವೇ ತಿರುಗಿಸಿ, ಮತ್ತೆ ಮೆಲ್ಲಗೆ ಬ್ರೇಕ್ ಹಾಕಬೇಕು. ಭಯದಲ್ಲಿ ಬ್ರೇಕಿನಿಂದ ಕಾಲೆತ್ತುವುದು ಮನಸ್ಸಿಗೆ ಒಗ್ಗದ ಕೆಲಸ, ಆದ್ದರಿಂದಲೇ ಸ್ಕಿಡ್ ಪ್ಯಾನಿನಲ್ಲಿ ಅದನ್ನು ಹತ್ತಾರು ಸಲ ಮಾಡಿಸುತ್ತಾರೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು, ಅಂಥ ಕಾರಿನಲ್ಲಿ ಪೆಡಲ್ ಪಾದದಡಿ ತಟತಟನೆ ಒದ್ದರೂ ಕಾಲು ತೆಗೆಯದೆ ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಬೇಕು.

ಆದರೂ ಕೌಶಲಕ್ಕಿಂತ ವೇಗದ ಲೆಕ್ಕ ದೊಡ್ಡದು. ಗಂಟೆಗೆ 60 ಕಿಲೋಮೀಟರಿನಲ್ಲಿರುವ ಕಾರು ಒಣ ಡಾಂಬರಿನಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 18 ಮೀಟರಿನಲ್ಲಿ ನಿಲ್ಲುವಂತಿದ್ದರೆ, ಘರ್ಷಣಾಂಕ 0.2ಕ್ಕೆ ಇಳಿದ ಕೆಸರಿನಲ್ಲಿ ಅದಕ್ಕೆ 70 ಮೀಟರ್ ಬೇಕು. ವೇಗವನ್ನು 30ಕ್ಕೆ ಇಳಿಸಿದರೆ ಆ 70 ಮೀಟರಿನ ಕಾಲುಭಾಗ ಸಾಕು. ಕಬ್ಬಿನ ಹಂಗಾಮಿನಲ್ಲಿ ಡಾಂಬರಿನ ಬಣ್ಣ ಬದಲಾದದ್ದು ದೂರದಿಂದ ಕಂಡೊಡನೆ, ಇನ್ನೂ ಕಪ್ಪು ಡಾಂಬರಿನ ಮೇಲಿರುವಾಗಲೇ ಬ್ರೇಕ್ ಮುಗಿಸಿಕೊಂಡು, ಕೆಸರಿನ ಮೇಲೆ ಬ್ರೇಕನ್ನೂ ಆಕ್ಸಲರೇಟರನ್ನೂ ಮುಟ್ಟದೆ ದಾಟಿಬಿಡಿ. ಟೈರಿನ ಸಂದುಗಳಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಉಳಿದಿರುವುದು 1.6 ಮಿಲಿಮೀಟರ್, ಬದಲಿಸಲೇಬೇಕು.

ಪ್ರಶ್ನೆ: ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗುವಾಗ ಮಳೆಯಲ್ಲಿ ಒಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿನುಗಿತು. ಕಾರಿನ ಚಿತ್ರದ ಕೆಳಗೆ ಎರಡು ಅಂಕುಡೊಂಕು ಗೆರೆಗಳಿರುವ ದೀಪ. ಕಾರಿನಲ್ಲಿ ದೋಷವಿದೆಯೇ?
– ಓದುಗರು, ಬೆಳಗಾವಿ

ಉತ್ತರ: ಮಿನುಗಿ ಆರಿದ್ದರೆ ದೋಷವಲ್ಲ. ಕಾರು ಜಾರಲು ತೊಡಗಿತ್ತು, ಇಎಸ್‌ಸಿ ಎಂಬ ವ್ಯವಸ್ಥೆ ಒಂದು ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ನಿಮ್ಮನ್ನು ದಾರಿಯಲ್ಲಿ ಉಳಿಸಿತು ಎಂದು ಅದರ ಅರ್ಥ. ಸ್ಟೀರಿಂಗ್ ತಿರುಗಿದ ಕೋನಕ್ಕೂ ಕಾರು ನಿಜವಾಗಿ ತಿರುಗುತ್ತಿರುವ ರೀತಿಗೂ ಹೊಂದಿಕೆಯಾಗದಿದ್ದಾಗ ಅದು ಕೆಲಸಕ್ಕೆ ಇಳಿಯುತ್ತದೆ. ಮುಂದಿನ ತಿರುವಿಗೆ ಹತ್ತು ಕಿಲೋಮೀಟರ್ ವೇಗ ಕಡಿಮೆ ಮಾಡಿ. ದೀಪ ಆರದೆ ಉರಿಯುತ್ತಲೇ ಇದ್ದರೆ ಆ ವ್ಯವಸ್ಥೆಯನ್ನು ಆಫ್ ಮಾಡಲಾಗಿದೆ ಅಥವಾ ಕೆಟ್ಟಿದೆ. ಆಗ ಗ್ಯಾರೇಜಿಗೆ ತೋರಿಸಿ.

ಪ್ರಶ್ನೆ: ಇಪ್ಪತ್ತು ವರ್ಷದ ಮಗ ಸ್ಕಿಡ್ ಪ್ಯಾನ್ ತರಬೇತಿಗೆ ಹೋಗುತ್ತೇನೆನ್ನುತ್ತಾನೆ. ಕಳಿಸಲೇ? ಕಲಿತು ಬಂದ ಮೇಲೆ ನಮಗೆ ನಿಶ್ಚಿಂತೆಯೇ?
– ತಂದೆ, ಜಮಖಂಡಿ

ಉತ್ತರ: ಕಳಿಸಿ, ನಿಶ್ಚಿಂತರಾಗಬೇಡಿ. ನಾರ್ವೆ ದೇಶದಲ್ಲಿ 1979ರಿಂದ ಹೊಸ ಚಾಲಕರಿಗೆ ಜಾರು ನೆಲದ ತರಬೇತಿಯನ್ನು ಕಡ್ಡಾಯ ಮಾಡಿ, ಕೆಲವು ವರ್ಷಗಳ ನಂತರ ಲೆಕ್ಕ ನೋಡಿದಾಗ ಯುವಕರ ಅಪಘಾತಗಳು ಇಳಿಯುವ ಬದಲು ಏರಿದ್ದವು. ಜಾರಿದರೆ ಸಂಭಾಳಿಸಬಲ್ಲೆನೆಂಬ ಧೈರ್ಯದಿಂದ ಹುಡುಗರು ವೇಗ ಹೆಚ್ಚಿಸಿದ್ದರು ಎಂಬುದು ಅದಕ್ಕೆ ಕೊಟ್ಟ ವಿವರಣೆ. ಸ್ವೀಡನ್ನಿನಲ್ಲಿ 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ಗುಂಪಿಗೆ ಕೌಶಲವನ್ನು ಪಳಗಿಸಿದರು, ಇನ್ನೊಂದಕ್ಕೆ ತಮ್ಮ ಕೌಶಲ ಎಲ್ಲಿ ಕೈಕೊಡುತ್ತದೆಂಬುದನ್ನು ಮನಗಾಣಿಸಿದರು. ಒಂದು ವಾರದ ಮೇಲೆ ಪರೀಕ್ಷಿಸಿದಾಗ ಎರಡೂ ಗುಂಪಿನ ಸಾಮರ್ಥ್ಯ ಹೆಚ್ಚುಕಡಿಮೆ ಒಂದೇ ಇತ್ತು, ಆದರೆ ಮೊದಲ ಗುಂಪಿನವರು ತಮ್ಮನ್ನು ತಾವು ಹೆಚ್ಚು ನುರಿತವರೆಂದು ಎಣಿಸಿದ್ದರು.

ಆದ್ದರಿಂದ ಹಣ ಕಟ್ಟುವ ಮೊದಲು ತರಬೇತುದಾರರನ್ನು ಒಂದೇ ಮಾತು ಕೇಳಿ: ವಿದ್ಯಾರ್ಥಿ ಎಷ್ಟು ವೇಗಕ್ಕೆ ಸೋಲುತ್ತಾನೆಂಬುದನ್ನು ಅವನಿಗೆ ತೋರಿಸುತ್ತೀರಾ? ಸಾಧ್ಯವಾದರೆ ಹಿಂದಿನ ಆಸನದಲ್ಲಿ ನೀವೂ ಕೂರಿ. ಊರಿಗೆ ಮರಳುವಾಗ ಸ್ಟೀರಿಂಗ್ ಮಗನ ಕೈಯಲ್ಲಿರಲಿ, ನಿಮ್ಮ ಕಣ್ಣು ಸ್ಪೀಡೋಮೀಟರಿನ ಮೇಲಿರಲಿ.