ಗಂಗಾವತಿಯ ಹುಡುಗಿ ಗಾಲ್ಫ್ ಎಂದರೆ ಬೇಡ ಎನ್ನಬೇಕೇ?

ಓದುಗರ ಕ್ರೀಡಾ ಪ್ರಶ್ನೆಗಳಿಗೆ ಬಳ್ಳಾರಿಯ ನಿವೃತ್ತ ದೈಹಿಕ ಶಿಕ್ಷಕಿಯ ಉತ್ತರ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು ಏಳನೇ ತರಗತಿ. ಮೊಬೈಲಿನಲ್ಲಿ ಅದಿತಿ ಅಶೋಕ್ ಅವರ ಆಟ ನೋಡಿದಂದಿನಿಂದ ತಾನೂ ಗಾಲ್ಫ್ ಕಲಿಯಲೇಬೇಕೆಂದು ಹಟ ಹಿಡಿದಿದ್ದಾಳೆ. ಅದು ಶ್ರೀಮಂತರ ಆಟ, ಹುಡುಗಿಗೆ ಸುಮ್ಮನೆ ಆಸೆ ಹಚ್ಚಬೇಡ ಎಂದು ನಮ್ಮ ತಾಯಿ ಹೇಳುತ್ತಾರೆ. ಈ ಆಟದಿಂದ ಜೀವನ ಸಾಗುತ್ತದೆಯೇ? ಈಗಲೇ ಬೇಡ ಎಂದುಬಿಡಲೇ?
– ಹೆಸರು ಬೇಡ, ಗಂಗಾವತಿ

ಉತ್ತರ: ಬೇಡ ಎನ್ನಬೇಡಿ. ಹಾಗೆಂದು ಸಾಲ ಮಾಡಿ ಗಾಲ್ಫ್ ಕೋಲುಗಳ ಹೊಸ ಸೆಟ್ ಕೊಳ್ಳಲೂ ಹೋಗಬೇಡಿ.

ನಿಮ್ಮ ತಾಯಿಯವರ ಅಂಜಿಕೆಯಲ್ಲಿ ನಿಜವಿದೆ. ವೃತ್ತಿಪರ ಗಾಲ್ಫ್‌ನಲ್ಲಿ ತಿಂಗಳ ಸಂಬಳವೆಂಬುದಿಲ್ಲ. ಪಂದ್ಯಾವಳಿಗಳು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ದಿನ ನಡೆಯುತ್ತವೆ. ಹೆಚ್ಚಿನ ಕಡೆ ಎರಡು ಸುತ್ತು ಮುಗಿದಾಗ ‘ಕಟ್’ ಹಾಕುತ್ತಾರೆ, ಅಂದರೆ ಮುಂದಿನ ಸುತ್ತಿಗೆ ಹೋಗುವವರ ಮಿತಿ ಗೊತ್ತುಮಾಡುತ್ತಾರೆ. ಅದರೊಳಗೆ ಬಾರದವರು ಗಂಟುಮೂಟೆ ಕಟ್ಟಬೇಕು. ಬಹುಮಾನದ ಹಣವೂ ಸಾಮಾನ್ಯವಾಗಿ ಸಿಗುವುದಿಲ್ಲ. ವಿಮಾನದ ಟಿಕೆಟ್, ಹೋಟೆಲ್, ಕ್ಯಾಡಿಯ (ಆಟಗಾರರ ಚೀಲ ಹೊರುವ ಸಹಾಯಕ) ಸಂಬಳದ ಖರ್ಚು ಮಾತ್ರ ಆಗಿಹೋಗಿರುತ್ತದೆ. ಲೆಕ್ಕ ಬರೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಿತಿಯವರ ಮನೆಯಲ್ಲೂ ಮೊದಲು ಗಾಲ್ಫ್ ಬಲ್ಲವರಿರಲಿಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುವ ಹೋಟೆಲಿಗೆ ಊಟತಿಂಡಿಗೆ ಹೋಗುತ್ತಿದ್ದ ಕುಟುಂಬ ಅದು. ಐದಾರು ವರ್ಷದ ಮಗು ಆ ಕಡೆ ನೋಡಿ ಆಸೆಪಟ್ಟಿತು, ತಂದೆತಾಯಿ ಕರೆದುಕೊಂಡು ಹೋದರು. ಮುಂದೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಗಳ ಗಾಲ್ಫ್ ಚೀಲ ಹೊತ್ತು ನಡೆದವರು ತಂದೆ, ಟೋಕಿಯೊದಲ್ಲಿ ತಾಯಿ. ನಾನು ಹೆಣ್ಣುಮಕ್ಕಳ ತಂದೆತಾಯಿಗಳಿಗೆಲ್ಲ ಇದನ್ನು ಒತ್ತಿ ಹೇಳುತ್ತೇನೆ. ಎಷ್ಟೋ ಒಳ್ಳೆಯ ಓಟಗಾರ್ತಿಯರು ಹತ್ತನೇ ತರಗತಿ ಮುಗಿಯುತ್ತಲೇ ಮೈದಾನ ಬಿಟ್ಟದ್ದನ್ನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಕಾಲಿನಲ್ಲಿ ಕಸುವಿತ್ತು, ಜೊತೆಗೆ ಬರುವವರಿರಲಿಲ್ಲ. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಜೀವನ ಸಾಗುತ್ತದೆಯೇ ಎಂದು ಕೇಳಿದ್ದೀರಿ. ಅದಿತಿಯವರ 2023ನೇ ವರ್ಷವೊಂದನ್ನೇ ನೋಡಿ. ಫೆಬ್ರುವರಿಯಲ್ಲಿ ಕೀನ್ಯಾದಲ್ಲಿ ಗೆಲುವು. ಲಾಸ್ ಏಂಜಲೀಸ್‌ನಲ್ಲಿ ಪ್ಲೇಆಫ್‌ವರೆಗೆ (ಸಮಬಲವಾದಾಗ ವಿಜೇತರನ್ನು ತೀರ್ಮಾನಿಸುವ ಹೆಚ್ಚುವರಿ ಆಟ) ಹೋಗಿ ಹನ್ನಾ ಗ್ರೀನ್ ಎದುರು ಸೋಲು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕೊನೆಯ ದಿನಕ್ಕೆ ಮುನ್ನ ಏಳು ಹೊಡೆತಗಳ ಮುನ್ನಡೆಯಿತ್ತು (ಗಾಲ್ಫ್ ಆಟದಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಮುಂದೆ); ಅದೆಲ್ಲ ಒಂದೇ ದಿನದಲ್ಲಿ ಕರಗಿ ಬೆಳ್ಳಿ ಉಳಿಯಿತು. ಭಾರತದ ಮಹಿಳಾ ಗಾಲ್ಫ್‌ಗೆ ಅಲ್ಲಿ ಅದೇ ಮೊದಲ ವೈಯಕ್ತಿಕ ಪದಕ ಎಂಬುದು ಬೇರೆ ಮಾತು. ನವೆಂಬರಿನಲ್ಲಿ ಸ್ಪೇನ್‌ನಲ್ಲಿ ಮತ್ತೆ ಗೆಲುವು. ಇದು ದೇಶದ ಅತ್ಯುತ್ತಮ ಆಟಗಾರ್ತಿಯ ವರ್ಷ. ಇಷ್ಟು ಏರಿಳಿತವನ್ನು ಮನೆಮಂದಿ ತಡೆದುಕೊಳ್ಳಬಲ್ಲರೇ ಎಂದು ಈಗಲ್ಲ, ಮಗಳು ಹದಿನೇಳು ಹದಿನೆಂಟರವಳಾದಾಗ ಕೂತು ಮಾತನಾಡಿ. ಅಲ್ಲಿಯವರೆಗೆ ಅವಳು ಹವ್ಯಾಸಿ. ಇಂಡಿಯನ್ ಗಾಲ್ಫ್ ಯೂನಿಯನ್ ಕಿರಿಯರಿಗೆ ಪಂದ್ಯಾವಳಿಗಳನ್ನು ನಡೆಸುತ್ತದೆ. ಒಮ್ಮೆ ವೃತ್ತಿಪರಳೆಂದು ಘೋಷಿಸಿಕೊಂಡರೆ ಹವ್ಯಾಸಿ ಪಂದ್ಯಗಳ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಆ ಹೆಜ್ಜೆಗೆ ಅವಸರ ಬೇಡ. ಅದಿತಿ ಕೂಡ 2015ರ ಡಿಸೆಂಬರಿನಲ್ಲಿ ಮೊರಾಕ್ಕೊದಲ್ಲಿ ಮಹಿಳೆಯರ ಯುರೋಪಿಯನ್ ಟೂರಿನ (ವೃತ್ತಿಪರ ಪಂದ್ಯಾವಳಿಗಳ ಸರಣಿ) ಅರ್ಹತಾ ಪಂದ್ಯ ಗೆದ್ದ ಮೇಲೆಯೇ, 2016ರ ಜನವರಿಯಲ್ಲಿ ವೃತ್ತಿಪರರಾದದ್ದು. ಅದೇ ವರ್ಷ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದು, ಆ ಟೂರಿನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು.

ಈಗ ಮಾಡಬೇಕಾದದ್ದು. ದಸರೆ ರಜೆಯಲ್ಲಿ ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಸದಸ್ಯರಲ್ಲದವರಿಗೆ ಅಭ್ಯಾಸಕ್ಕೆ ಬಿಡುವ ಡ್ರೈವಿಂಗ್ ರೇಂಜ್ (ಉದ್ದದ ಹೊಡೆತ ಕಲಿಯುವ ಬಯಲು) ಯಾವುದೆಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಒಂದು ಬುಟ್ಟಿ ಚೆಂಡು, ಅಲ್ಲಿಯದೇ ಬಾಡಿಗೆ ಕ್ಲಬ್ (ಗಾಲ್ಫ್ ಕೋಲು), ಒಬ್ಬ ಕೋಚ್ ಜೊತೆ ಒಂದು ಗಂಟೆ, ಇಷ್ಟು ಸಾಕು. ಕೈಯಲ್ಲಿ ಬೊಬ್ಬೆ ಬಂದ ಮೇಲೂ ಆಡುತ್ತೇನೆ ಎಂದರೆ ಹಳೆಯ ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕೋಲು) ಒಂದನ್ನು ಕೊಂಡು ಅವಳ ಎತ್ತರಕ್ಕೆ ತಕ್ಕಂತೆ ಕತ್ತರಿಸಿ ಕೊಡಿಸಿ.

ಉಳಿದದ್ದು ಮನೆಯಲ್ಲೇ ಆಗುತ್ತದೆ. ಜಮಖಾನೆ ಹಾಸಿ, ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ ಚೆಂಡನ್ನು ಅದರೊಳಗೆ ಉರುಳಿಸಲಿ. ಇದನ್ನು ಮಕ್ಕಳಾಟ ಎಂದುಕೊಳ್ಳಬೇಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು ಅದಿತಿಯವರಿಗೆ ಕೋವಿಡ್ ಬಂದು ಹೊಡೆತದ ಬಲ ಕುಗ್ಗಿತ್ತು. ದೂರ ಹೊಡೆಯುವುದರಲ್ಲಿ ಅವರು ಬಹುತೇಕರಿಗಿಂತ ಹಿಂದಿದ್ದರು. ಕುಳಿಯ ಹತ್ತಿರದ ಆಟವೇ, ಅಂದರೆ ಪಟಿಂಗ್, ಅವರನ್ನು ನಾಲ್ಕನೇ ಸ್ಥಾನಕ್ಕೆ ತಂದಿತು. ನಾಲ್ಕು ದಿನಕ್ಕೆ ಅವರದು 269 ಹೊಡೆತ, ಕಂಚು ಗೆದ್ದ ಲಿಡಿಯಾ ಕೋ ಅವರದು 268. ಉದ್ದದ ಹೊಡೆತಗಳನ್ನು ಮಾತ್ರ ಬೀದಿಯಲ್ಲಿ, ಕಣದಲ್ಲಿ ಆಡಿಸಲೇಬೇಡಿ. ಗಾಲ್ಫ್ ಚೆಂಡು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಬಿಸಿಲು ಏರುವ ಮೊದಲೇ ಅಭ್ಯಾಸ ಮುಗಿಯಲಿ. ಶಾಲೆ ಬಿಡಿಸುವ ಮಾತು ಯಾರು ಆಡಿದರೂ ಕೇಳಬೇಡಿ.

ಇನ್ನೊಂದು ಮಾತನ್ನು ನಿಮ್ಮ ತಾಯಿಯವರಿಗೆ ತಿಳಿಸಿ: ಮೈಸೂರಿನ ಪ್ರಣವಿ ಅರಸ್ ಕೂಡ ಇಂದು ಯುರೋಪಿನ ಟೂರಿನಲ್ಲಿ ಆಡುತ್ತಾರೆ. ಕನ್ನಡನಾಡಿನ ಹುಡುಗಿಯರಿಗೆ ಈ ದಾರಿ ಹೊಸದಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಸೀಟಿ ಕೇಳದ ಮಗುವಿಗೆ ಆಟವೇಕೆ ಎಂದು ಶಾಲೆಯಲ್ಲಿ ಬದಿಗೆ ಕೂರಿಸುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಸಂಡೂರು

ಉತ್ತರ: ತಾಯಿ, ಹರಿಯಾಣದ ಗಾಲ್ಫ್ ಆಟಗಾರ್ತಿ ದೀಕ್ಷಾ ಡಾಗರ್ ಅವರ ಫೋಟೊವನ್ನು ಆ ಶಾಲೆಗೆ ಒಯ್ದು ತೋರಿಸಿ. ಹುಟ್ಟಿನಿಂದಲೇ ಶ್ರವಣದೋಷ, ಆಟ ಎಡಗೈಯದು. 2017ರ ಕಿವುಡರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, ಅದರ ಮುಂದಿನ ಕೂಟದಲ್ಲಿ ಚಿನ್ನ ಗೆದ್ದರು. 2019ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಕಿವಿ ಕೇಳುವವರನ್ನೆಲ್ಲ ಹಿಂದಿಕ್ಕಿ ದಕ್ಷಿಣ ಆಫ್ರಿಕಾ ಮಹಿಳಾ ಓಪನ್ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿಯವರ ಜೊತೆ ಭಾರತದ ಪರ ಆಡಿದವರೂ ಇವರೇ.

ಸೀಟಿ ಕೇಳದಿದ್ದರೆ ಬಣ್ಣದ ಬಾವುಟ ಬೀಸಿದರಾಯಿತು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಮೊದಲು ದೈಹಿಕ ಶಿಕ್ಷಕರನ್ನು ಕಂಡು ಸಮಾಧಾನದಿಂದ ಕೇಳಿ. ಒಪ್ಪದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಅದಕ್ಕೂ ಮಣಿಯದಿದ್ದರೆ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಸಂಡೂರು ಬಳ್ಳಾರಿಗೆ ದೂರವಿಲ್ಲ, ನಾನೇ ಬಂದು ಅವರ ಜೊತೆ ಮಾತನಾಡುತ್ತೇನೆ.